ಮೂರು ಕಾಲಿನ ಬೆಂಚು

ನಮ್ಮ ಸಭೆಯಲ್ಲಿ ಪಾಪ ಎರಡು ಬಗೆ. ವಾಸನೆ ಬರುವ ಪಾಪ, ವಾಸನೆ ಬಾರದ ಪಾಪ. ಕುಡಿತಕ್ಕೆ ವಾಸನೆ ಇದೆ, ಬೀಡಿಗೆ ಇದೆ. ಹೆಂಡತಿಗೆ ಹೊಡೆಯುವುದಕ್ಕೆ ಇಲ್ಲ. ತಮ್ಮನ ತೋಟದ ಬೇಲಿಯನ್ನು ಎರಡು ಮೊಳ ಆಚೆ ಸರಿಸುವುದಕ್ಕೆ ಇಲ್ಲ. ನಾದಿನಿಯ ಜೊತೆ ಇಪ್ಪತ್ತು ವರ್ಷ ಮಾತು ಬಿಟ್ಟು, ಅದೇ ಬಾಯಲ್ಲಿ ಸ್ತೋತ್ರ ಹಾಡುವುದಕ್ಕಂತೂ ಇಲ್ಲವೇ ಇಲ್ಲ. ವಾಸನೆ ಬರುವ ಪಾಪ ಮಾಡಿದವರು ಕಡೆಯ ಬೆಂಚಿನಲ್ಲಿ ಕೂರಬೇಕು, ಉಳಿದವರು ಮುಂದೆ ಕೂತು ಕೈ ತಟ್ಟಬಹುದು. ನಾನು ಮುಂದೆ ಕೂರುವವನು. ಹದಿನಾರು ವರ್ಷದಿಂದ ಈ ಸಭೆಯ ಕಾರ್ಯದರ್ಶಿ.

ಮರಕ್ಕಡವಿನ ದಾರಿಯಲ್ಲಿ, ಮೆಣಸಿನ ಬಳ್ಳಿ ಹಬ್ಬಿದ ಮರಗಳ ನಡುವೆ, ತಗಡಿನ ಮಾಡಿನ ಹಾಲ್ ನಮ್ಮದು. ಹೊರಗಿನ ಬೋರ್ಡಿನಲ್ಲಿ ಮಲಯಾಳದಲ್ಲೂ ಕನ್ನಡದಲ್ಲೂ ‘ಕೃಪೆ’ ಎಂದು ದೊಡ್ಡದಾಗಿ ಬರೆದಿದೆ. ಒಳಗಿನ ಗೋಡೆಯಲ್ಲಿ ಹದಿನೆಂಟು ನಿಯಮಗಳ ಪಟ್ಟಿ ಇದೆ. ಎರಡರ ಕನ್ನಡ ಅಕ್ಷರಗಳನ್ನೂ ಬರೆದವನು ನಾನೇ. ಶಾಲೆಯಲ್ಲಿ ಮೂವತ್ತು ವರ್ಷ ಮಲಯಾಳದಲ್ಲಿ ಪಾಠ ಹೇಳಿದೆ, ಮನೆಯಲ್ಲಿ ಅಮ್ಮನ ಕನ್ನಡ ಆಡಿದೆ. ಹಾಗಾಗಿ ಊರಿಗೆ ನಾನು ಮಾಷ್, ಸಭೆಗೆ ಅನುವಾದಕ.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಪ್ರಭುವಿನ ಮೇಜು. ರೊಟ್ಟಿ ಮುರಿದು ಹಂಚುತ್ತೇವೆ, ದ್ರಾಕ್ಷಿಯ ರಸ ಕುಡಿಯುತ್ತೇವೆ. ಜಾರಿದವರಿಗೆ ಅದು ಇಲ್ಲ. ಜಾರಿದವರು ಪಾಸ್ಟರ್ ಬಳಿ ಹೋಗಿ ಒಪ್ಪಿಕೊಂಡು ಕಡೆಯ ಬೆಂಚಿನಲ್ಲಿ ಕೂತು, ಆರು ತಿಂಗಳು ತಪ್ಪದೆ ನಡೆದು ತೋರಿಸಿ, ಎಲ್ಲರ ಮುಂದೆ ಸಾಕ್ಷಿ ಹೇಳಿದರೆ ಮತ್ತೆ ರೊಟ್ಟಿ ಸಿಗುತ್ತದೆ. ಇದು ಹನ್ನೊಂದನೆಯ ನಿಯಮ. ಒಪ್ಪಿಕೊಳ್ಳದಿದ್ದರೆ ಏನು ಎಂದು ಯಾವ ನಿಯಮವೂ ಹೇಳುವುದಿಲ್ಲ. ಅದಕ್ಕೇ ಯಾರೂ ಒಪ್ಪಿಕೊಳ್ಳುವುದಿಲ್ಲ.

ಕೇಳು ಎಂಬ ಒಬ್ಬನನ್ನು ಬಿಟ್ಟು.

ಕೇಳು ನದಿ ದಾಟುವ ಕಡವಿನ ದೋಣಿಯವನು. ಈ ದಡ ಕೇರಳ, ಆ ದಡ ಕರ್ನಾಟಕ, ನಡುವೆ ಕಬಿನಿ, ಕಬಿನಿಯ ಮೇಲೆ ಬಿದಿರ ಗಳ ಹಿಡಿದು ಕೇಳು. ಅವನಪ್ಪನೂ ಅದೇ ಕೆಲಸ ಮಾಡಿದವನು. ಹುಟ್ಟಿದ್ದು ಈ ದಡದ ಕೊಳವಳ್ಳಿಯಲ್ಲಿ, ಅಮ್ಮ ಆಚೆ ದಡದವಳು. ಈಗ ಅವನಿಗೆ ಅರವತ್ತು ದಾಟಿದೆ. ಕಾಲ ಹೆಬ್ಬೆರಳು ದೋಣಿಯ ಹಲಗೆಗೆ ಒತ್ತಿ ಒತ್ತಿ ಅಗಲವಾಗಿದೆ. ಹತ್ತುವವರಿಗೆಲ್ಲ, ಡಾಕ್ಟರಿರಲಿ ಶುಂಠಿ ಕೀಳಲು ಹೋಗುವ ಕೂಲಿಯವರಿರಲಿ, ಅವನು ಹೇಳುವುದು ಒಂದೇ ಮಾತು. ನಡುವೆ ಕೂತ್ಕಳಿ, ಅಲ್ಲಾಡ್ಬೇಡಿ.

ಹನ್ನೆರಡು ವರ್ಷದ ಹಿಂದೆ ಒಂದು ಭಾನುವಾರ ಮಳೆಗೆ ನಿಲ್ಲಲು ನಮ್ಮ ಹಾಲಿನ ಜಗುಲಿಗೆ ಬಂದವನು, ಮಳೆ ನಿಂತ ಮೇಲೂ ಹೋಗಲಿಲ್ಲ. ಮುಂದಿನ ವರ್ಷ ಅದೇ ನದಿಯಲ್ಲಿ ದೀಕ್ಷಾಸ್ನಾನ ಆಯಿತು. ದೀಕ್ಷೆ ಕೊಟ್ಟ ಆಗಿನ ಪಾಸ್ಟರ್ ಕಾಲು ಜಾರಿ ಮುಳುಗಿದಾಗ ಅವರ ಮುಂಡಿನ ತುದಿ ಹಿಡಿದು ಎಳೆದು ದಡಕ್ಕೆ ತಂದವನೂ ಕೇಳುವೇ. ಮೂರನೆಯ ವಾರ ಕುಡಿದ. ಅದೇ ದಿನ ಪಾಸ್ಟರ್ ಮನೆಗೆ ಹೋಗಿ ಹೇಳಿದ. ಹೋಗಿ ಬೆಂಚಿನಲ್ಲಿ ಕೂತ.

ಆ ಬೆಂಚಿಗೆ ಮೂರು ಕಾಲು. ನಾಲ್ಕನೆಯದು ಗೆದ್ದಲು ತಿಂದು ಮುರಿದಿದೆ, ಆ ಜಾಗದಲ್ಲಿ ಒಂದು ಕಲ್ಲು ಇಟ್ಟಿದ್ದೇವೆ. ಕೇಳು ಎರಡು ತಿಂಗಳು ಬಿಡುತ್ತಾನೆ, ಮತ್ತೆ ಕುಡಿಯುತ್ತಾನೆ, ಹೇಳುತ್ತಾನೆ, ಕೂರುತ್ತಾನೆ. ನಾಲ್ಕು ತಿಂಗಳು ಬಿಡುತ್ತಾನೆ, ಕುಡಿಯುತ್ತಾನೆ, ಹೇಳುತ್ತಾನೆ. ಹನ್ನೊಂದು ವರ್ಷದಲ್ಲಿ ಅವನಿಗೆ ಸಿಕ್ಕಿದ್ದು ಮೊದಲ ಒಂದು ತಿಂಗಳ ರೊಟ್ಟಿ ಮಾತ್ರ.

ಸಭೆಗೆ ಇದರಿಂದ ಎಷ್ಟು ಉಪಕಾರವಾಯಿತೆಂದು ಹೇಳಲು ನನಗೆ ನಾಚಿಕೆ. ಹಿಂದೆ ಕೇಳು ಕೂತಿದ್ದಾನೆ ಎಂದರೆ ಮುಂದೆ ಕೂತವರೆಲ್ಲ ಪರಿಶುದ್ಧರು. ಹೆಂಗಸರು ಮಕ್ಕಳಿಗೆ ಅವನನ್ನು ತೋರಿಸುತ್ತಿದ್ದರು. ಹೊರಗಿನಿಂದ ಬೋಧಕರು ಬಂದರೆ ಅವನಿಗಾಗಿ ವಿಶೇಷ ಪ್ರಾರ್ಥನೆ, ತಲೆಯ ಮೇಲೆ ಆರು ಕೈ. ಅಂಥ ಒಬ್ಬ ಬೋಧಕರು ಕುಡಿತಕ್ಕೆ ಬಿದ್ದ ಕಾರಣವೇನು ಎಂದು ಅವನನ್ನು ನಿಲ್ಲಿಸಿ ಕೇಳಿದರು. ಕೇಳುವಿಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ. ಆದರೆ ದೇವರ ಮುಂದೆ ಆಡುವ ಮಾತು ಅಮ್ಮನ ಮಾತಿನಲ್ಲೇ ಬರುವುದು ಎನ್ನುತ್ತಾನೆ. ಕಾರಣ ಏನಿಲ್ಲ, ರುಚಿ, ಎಂದು ಕನ್ನಡದಲ್ಲಿ ಹೇಳಿದ. ಬಾಲ್ಯದ ತೀರದ ದುಃಖ ಎಂದು ನಾನು ಮಲಯಾಳದಲ್ಲಿ ಹೇಳಿದೆ. ಅರ್ಧ ಸಭೆಗೆ ಎರಡೂ ಭಾಷೆ ಗೊತ್ತು. ಆದರೂ ಹೆಂಗಸರು ಕಣ್ಣೊರೆಸಿಕೊಂಡರು. ಸಭೆ ಮುಗಿದ ಮೇಲೆ ಕೇಳು ನನ್ನ ಹತ್ತಿರ ಬಂದು, ಅಪ್ಪ ತನ್ನನ್ನು ಚೆನ್ನಾಗಿಯೇ ಸಾಕಿದ್ದರು ಎಂದು ಮೆಲ್ಲಗೆ ತಿಳಿಸಿದ.

ನಾನು ಅವನ ಮಾತುಗಳನ್ನೆಲ್ಲ ಹೀಗೆಯೇ ತಿದ್ದುತ್ತಿದ್ದೆ. ಮಾಷಲ್ಲವೇ, ಕೆಂಪು ಮಸಿಯ ಚಾಳಿ ಬಿಡುವುದಿಲ್ಲ.

ಈಗ ವಾಸನೆ ಬಾರದ ಪಾಪದ ವಿಷಯ ಹೇಳಬೇಕು. ನನ್ನದೇ ಹೇಳುತ್ತೇನೆ.

ಮಗಳು ನಿಮಿಷಳ ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ನಾನೂ ನನ್ನ ಹೆಂಡತಿ ಸುಶೀಲಳೂ ಉಪವಾಸ ಮಾಡಿದೆವು, ಬೋಧಕರಿಂದ ಪ್ರಾರ್ಥನೆ ಮಾಡಿಸಿದೆವು. ಎರಡು ವರ್ಷದ ಹಿಂದೆ, ಸುಶೀಲಳಿಗೂ ಹೇಳದೆ, ನಾನು ಕೇಳುವಿನ ದೋಣಿ ಹತ್ತಿದೆ. ಆಚೆ ದಡದಲ್ಲಿ ಕುಳ್ಳನ್ ಎಂಬ ಮುದುಕರಿದ್ದಾರೆ. ಕಾಡಿನವರು, ಶಾಸ್ತ್ರ ಹೇಳುತ್ತಾರೆ, ದಾರ ಕಟ್ಟುತ್ತಾರೆ. ಅಂಥವರ ಬಳಿ ಹೋಗಬಾರದು ಎಂಬುದು ನಮ್ಮ ನಾಲ್ಕನೆಯ ನಿಯಮ. ಆ ಸಾಲನ್ನು ನಾನೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಮುದುಕರು ನಾನು ಕೊಟ್ಟದ್ದರಲ್ಲಿ ಎಲೆ ಅಡಿಕೆ ಬಿಟ್ಟು ಏನನ್ನೂ ಮುಟ್ಟಲಿಲ್ಲ. ನಿಮ್ಮ ದೇವರಿಗೆ ಹೇಳಿದ್ದೀರಾ ಎಂದು ಮೊದಲು ಕೇಳಿದರು. ಹೇಳಿದ್ದೇನೆ ಎಂದೆ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದು, “ಮಗೀಗೆ ಏನೂ ಆಗಿಲ್ಲ. ಹೆದರಿರೋದು ನೀವು. ದಾರ ನಿಮ್ಗೇ ಕಟ್ತೀನಿ” ಎಂದರು. ಕಪ್ಪು ದಾರವನ್ನು ನನ್ನ ಸೊಂಟಕ್ಕೆ ಕಟ್ಟಿದರು.

ವಾಪಸ್ಸು ಬರುವಾಗ ಅಂಗಿ ಎಳೆದು ಮುಂಡಿನೊಳಗೆ ಸೇರಿಸಿದೆ. ಕೇಳು ನೋಡಿದ. ನೋಡಿ, ನೀರಿನ ಕಡೆ ತಿರುಗಿದ. ಆ ತಿರುಗಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಹೀಗೆ ಅಂಗಿ ಎಳೆದುಕೊಂಡ ಮೊದಲನೆಯವನು ನಾನಲ್ಲ ಎಂದು. ಆಮೇಲೆ ಗಮನಿಸಿದರೆ ನಮ್ಮ ಇನ್ನೊಬ್ಬ ಹಿರಿಯ ರಂಜಿತ್, ಅಡಿಕೆ ಮೆಣಸಿನ ವ್ಯಾಪಾರದವನು, ದೋಣಿಯಿಂದ ಇಳಿದು ಸೊಂಟ ತುರಿಸಿಕೊಳ್ಳುತ್ತಾ ಬರುತ್ತಿದ್ದ. ನಾವಿಬ್ಬರೂ ಭಾನುವಾರ ಅಕ್ಕಪಕ್ಕ ಕೂರುವವರು. ಇಬ್ಬರ ಸೊಂಟವೂ ತುರಿಸುತ್ತಿತ್ತು, ಇಬ್ಬರೂ ದೇವರ ಕಡೆ ನೋಡುತ್ತಿದ್ದೆವು.

ಕಿತ್ತು ಹಾಕಬಹುದಿತ್ತು. ಎಷ್ಟು ಸಲ ಕತ್ತರಿ ಹಿಡಿದೆ. ಕತ್ತರಿಸಿದ ಮರುದಿನ ನಿಮಿಷಳಿಗೆ ಏನಾದರೂ ಆದರೆ ಎಂಬ ಹೆದರಿಕೆ ಬರುತ್ತಿತ್ತು, ಕತ್ತರಿ ಕೆಳಗಿಡುತ್ತಿದ್ದೆ. ಹೀಗೆ ಸೊಂಟದಲ್ಲಿ ದಾರ ಇಟ್ಟುಕೊಂಡೇ ಇಪ್ಪತ್ತನಾಲ್ಕು ತಿಂಗಳು ರೊಟ್ಟಿ ತಿಂದೆ. ಬರೀ ತಿಂದದ್ದಲ್ಲ, ಗಂಡಸರ ಕಡೆ ತಟ್ಟೆ ಹಿಡಿದು ಹಂಚುವವನೂ ನಾನೇ. ಕಡೆಯ ಬೆಂಚಿನ ಹತ್ತಿರ ಬಂದಾಗ ಕೇಳುವನ್ನು ದಾಟಿ, ತಟ್ಟೆಯನ್ನು ಎದೆಗೆ ಒತ್ತಿಕೊಂಡು ಹಿಂದಿರುಗುತ್ತಿದ್ದೆ. ಅವನು ತಲೆ ತಗ್ಗಿಸಿ ಕೂತಿರುತ್ತಿದ್ದ. ನನ್ನ ಸೊಂಟದ ವಿಷಯ ಗೊತ್ತಿದ್ದವನು, ಒಂದು ಸಲವಾದರೂ ತಲೆಯೆತ್ತಿ ನನ್ನ ಮುಖ ನೋಡಬಹುದಿತ್ತು. ನೋಡಲಿಲ್ಲ.

ಹೋದ ಸೆಪ್ಟೆಂಬರಿನಿಂದ ಕೇಳು ಕುಡಿಯಲಿಲ್ಲ. ಅಕ್ಟೋಬರ್ ಹೋಯಿತು, ಕ್ರಿಸ್ಮಸ್ ಹೋಯಿತು, ಫೆಬ್ರವರಿ ಬಂತು. ಮಾರ್ಚಿನ ಮೊದಲ ಭಾನುವಾರಕ್ಕೆ ಆರು ತಿಂಗಳು ತುಂಬುತ್ತಿತ್ತು. ಸಭೆ ಸಂತೋಷಪಡಬೇಕಿತ್ತು. ಸಂತೋಷ ಎಂದು ಬಾಯಲ್ಲಿ ಎಲ್ಲರೂ ಹೇಳಿದರು. ಆದರೆ ಕಡೆಯ ಬೆಂಚು ಖಾಲಿಯಾದರೆ ಅಲ್ಲಿ ಮುಂದೆ ಯಾರು ಎಂಬ ಒಂದು ಕಳವಳ ಎಲ್ಲರ ಮುಖದಲ್ಲೂ ಕಾಣುತ್ತಿತ್ತು.

ಪಾಸ್ಟರ್ ಸಜಿಮೋನ್‌ಗೆ ಮಾತ್ರ ಆ ಕಳವಳ ಇರಲಿಲ್ಲ. ಅವರು ಬಂದು ಒಂದು ವರ್ಷ, ಕನ್ನಡ ಬಾರದು, ಗೆಲುವಿನ ಸಾಕ್ಷಿ ಎಂದರೆ ಪ್ರಾಣ. ಕೋಟ್ಟಯಂನಿಂದ ಹಿರಿಯ ಪಾಸ್ಟರ್ ಒಬ್ಬರನ್ನು ಕರೆಸಿದರು, ವೀಡಿಯೊ ತೆಗೆಯಲು ಜನ ಗೊತ್ತುಮಾಡಿದರು. ಫೆಬ್ರವರಿಯ ಕಡೆಯ ಭಾನುವಾರ ಪೀಠದಿಂದ ಘೋಷಿಸಿದರು: ಈ ದೋಣಿ ಹನ್ನೊಂದು ವರ್ಷ ಜನರನ್ನು ಕತ್ತಲೆಗೆ ದಾಟಿಸಿತು, ಮುಂದಿನ ವಾರ ನಮ್ಮ ಸಹೋದರ ಎಲ್ಲವನ್ನೂ ಬೆಳಕಿಗೆ ತರುತ್ತಾನೆ, ಒಂದನ್ನೂ ಮುಚ್ಚಿಡುವುದಿಲ್ಲ.

ಅವರು ಹೇಳಿದ್ದು ಆಚೆ ದಡದ ಸಾರಾಯಿ ಅಂಗಡಿಯ ವಿಷಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಂತೆ, ನಾವು ಸೊಂಟ ಮುಟ್ಟಿಕೊಂಡೆವು. ರಂಜಿತ್ ಸೋಮವಾರವೇ ನೇಂದ್ರ ಬಾಳೆಯ ಒಂದು ಗೊನೆ ಹೊತ್ತು ಕಡವಿಗೆ ಹೋದ. ನಾನು ಮಂಗಳವಾರ ಹೋದೆ, ಹೊಸ ಬಿಳಿ ಅಂಗಿ ಹಿಡಿದುಕೊಂಡು. ದೋಣಿಯಲ್ಲಿ ಆ ಗೊನೆ ಆಗಲೇ ಕೂತಿತ್ತು.

ನಾನು ಸುತ್ತಿ ಬಳಸಿ ಮಾತಾಡಿದೆ. ಸಾಕ್ಷಿ ಎಂದರೆ ತನ್ನದನ್ನು ಮಾತ್ರ ಹೇಳುವುದು ವಾಡಿಕೆ ಎಂದೆ. ಪಾಸ್ಟರ್ ಹೊಸಬರು, ಅವರಿಗೆ ಇಲ್ಲಿಯ ರೀತಿ ತಿಳಿಯದು ಎಂದೆ. ಕೇಳು ದೋಣಿಗೆ ಬಂದ ನೀರನ್ನು ತಗಡಿನ ಡಬ್ಬಿಯಲ್ಲಿ ಎತ್ತಿ ಎತ್ತಿ ಹೊರಗೆ ಹಾಕುತ್ತಿದ್ದ. ಎಲ್ಲ ಕೇಳಿಸಿಕೊಂಡು ಹೇಳಿದ:

“ದೋಣೀಲಿ ಕಂಡದ್ದು ದೋಣೀಲೇ ಬುಟ್ಬುಡ್ತೀನಿ ಮಾಷೇ. ಹೇಳಕ್ಕೆ ನನ್ದೇ ಬೇಕಾದಷ್ಟು ಅದೆ. ನಿಮ್ದು ಯಾಕೆ ಹೊತ್ಕಂಡು ಹೋಗ್ಲಿ?”

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಒಬ್ಬ ಕುಡುಕನ ಕರುಣೆಯಲ್ಲಿ ಬದುಕಬೇಕೇ ಎನ್ನಿಸಿತು. ಬೆಪ್ಪನ ಹಾಗೆ ಅಂಗಿ ಕೊಟ್ಟೆ. ಅಳತೆ ಸರಿ ಇದೆಯಾ ಎಂದು ಮೈಗೆ ಹಿಡಿದು ನೋಡಿಕೊಂಡ, ಸಂತೋಷಪಟ್ಟ.

ಭಾನುವಾರ ಅದನ್ನೇ ಹಾಕಿಕೊಂಡು ಬಂದ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ಹಾಲ್ ತುಂಬಿತ್ತು. ಸುಶೀಲ ಮುಂಜಾನೆಯೇ ಎದ್ದು ಮಾಡಿದ ರೊಟ್ಟಿ ಬಿಳಿ ಬಟ್ಟೆಯ ಕೆಳಗೆ ಸ್ಟೀಲ್ ತಟ್ಟೆಯಲ್ಲಿತ್ತು. ಅಂದು ಅವಳು ಒಂದು ತುಂಡು ಹೆಚ್ಚಿಗೇ ಮಾಡಿದ್ದಳು, ಕೇಳುವಿಗೆಂದು. ಕೋಟ್ಟಯಂನ ಹಿರಿಯರು ಫ್ಯಾನಿನ ಕೆಳಗೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಪಾಸ್ಟರ್ ಕೇಳುವಿನ ಕೈ ಹಿಡಿದು ಮುಂದೆ ನಿಲ್ಲಿಸಿದರು. ನಾನು ಅವನ ಎಡಕ್ಕೆ ಮೈಕ್ ಹಿಡಿದು ನಿಂತೆ. ಸೆಕೆಗೆ ದಾರ ಒದ್ದೆಯಾಗಿ ಚರ್ಮಕ್ಕೆ ಅಂಟಿತ್ತು.

ಕೇಳು ಎಲ್ಲರನ್ನೂ ಒಮ್ಮೆ ನೋಡಿದ.

“ಐದು ತಿಂಗ್ಳು ಇಪ್ಪತ್ತಾರು ದಿವ್ಸ ಕುಡೀಲಿಲ್ಲ” ಎಂದ. ನಾನು ಮಲಯಾಳದಲ್ಲಿ ಹೇಳಿದೆ. ಸ್ತೋತ್ರ, ಚಪ್ಪಾಳೆ. ಹಿರಿಯರು ಎರಡು ಕೈಯನ್ನೂ ಮೇಲೆತ್ತಿದರು.

“ಗುರುವಾರ ಕುಡ್ದೆ. ಯಾರೂ ನೋಡ್ಲಿಲ್ಲ, ಅದ್ಕೇ ಹೇಳ್ತಾ ಇದೀನಿ.”

ಕನ್ನಡ ಬಲ್ಲವರು ಕೈ ತಟ್ಟುವುದನ್ನು ನಿಲ್ಲಿಸಿದರು. ಕನ್ನಡ ಬಾರದ ಇಬ್ಬರು ಪಾಸ್ಟರುಗಳು ನಗುತ್ತಾ ನನ್ನ ಕಡೆ ನೋಡಿದರು. ಒಂದು ವಾಕ್ಯ ನುಂಗಿದ್ದರೆ ಸಾಕಿತ್ತು. ಹನ್ನೊಂದು ವರ್ಷ ಅವನ ಮಾತನ್ನು ತಿದ್ದಿದವನು ನಾನು. ಆ ಒಂದು ವಾಕ್ಯ ನುಂಗಿದ್ದರೆ ಇನ್ನು ಹತ್ತು ನಿಮಿಷಕ್ಕೆ ಅವನ ಕೈಗೆ ರೊಟ್ಟಿ ಬರುತ್ತಿತ್ತು. ಹಾಲಿನಲ್ಲಿ ಒಬ್ಬರೂ ತಕರಾರು ಎತ್ತುತ್ತಿರಲಿಲ್ಲ.

ನಾನು ನುಂಗಲಿಲ್ಲ. ಒಂದಕ್ಷರ ಬಿಡದೆ, ಗಟ್ಟಿಯಾಗಿ, ಗುರುವಾರ ಎಂಬ ದಿನದ ಹೆಸರಿನ ಸಮೇತ ಹೇಳಿದೆ. ಯಾಕೆಂದು ಹೇಳುತ್ತೇನೆ, ಇನ್ನು ಮುಚ್ಚಿಟ್ಟು ಏನು. ಆರು ತಿಂಗಳು ಗೆದ್ದವನ ಮಾತಿಗೆ ಸಭೆಯಲ್ಲಿ ಬೆಲೆ ಇರುತ್ತದೆ. ಗುರುವಾರ ಕುಡಿದವನು ನಾಳೆ ಯಾರ ಸೊಂಟದ ವಿಷಯ ಹೇಳಿದರೂ ಯಾರು ನಂಬುತ್ತಾರೆ? ಆ ಕ್ಷಣ ನನ್ನೊಳಗೆ ಓಡಿದ ಲೆಕ್ಕ ಅದು. ನನ್ನ ಬದುಕಿನಲ್ಲಿ ನಾನು ಮಾಡಿದ ಅತಿ ಸರಿಯಾದ ಅನುವಾದ ಅದು, ಅತಿ ನೀಚವಾದದ್ದೂ ಅದೇ.

ಪಾಸ್ಟರ್ ಸಜಿಮೋನ್ ಮುಖದ ನಗು ಹಾಗೆಯೇ ಉಳಿಯಿತು, ಕಣ್ಣು ಮಾತ್ರ ಸಣ್ಣದಾಯಿತು. ವೀಡಿಯೊದವನಿಗೆ ಸನ್ನೆ ಮಾಡಿದರು, ಅವನು ಕ್ಯಾಮೆರಾ ಇಳಿಸಿದ. ಕೇಳುವಿಗೆ ಇದೊಂದೂ ಕಾಣಲಿಲ್ಲ. ಅವನ ಮಾತು ಇನ್ನೂ ಮುಗಿದಿರಲಿಲ್ಲ.

“ಕುಡೀದೆ ಇದ್ದಾಗ ನಂಗೆ ಸೊಕ್ಕು ಬಂತು. ಕುಡ್ದವ್ರು ದೋಣಿ ಹತ್ತಿದ್ರೆ ಮೂಗು ಮುಚ್ಕಂಡೆ, ನಾನು. ಅದೂ ಹೇಳ್ಬೇಕು. ಆಮೇಲೆ, ನಾನು ದೇವ್ರನ್ನ ಎಷ್ಟು ಸಲ ಬುಟ್ಟೆ ಅಂತ ಗೊತ್ತಿಲ್ಲ. ಅವ್ನು ನನ್ನ ಬುಟ್ಟಿಲ್ಲ. ಅಷ್ಟೇ ನನ್ನ ಸಾಕ್ಷಿ.”

ನಾನು ಅದನ್ನೂ ಹೇಳಿದೆ. ಕಡೆಯ ವಾಕ್ಯಕ್ಕೆ ಬಂದಾಗ ತಡವರಿಸಿದೆ, ಮೈಕಿನ ದೋಷ ಎಂಬಂತೆ ಮೈಕ್ ಕುಟ್ಟಿದೆ. ಅಷ್ಟು ಹೊತ್ತಿಗೆ ಕೇಳು ನಡೆದು ಹೋಗಿ ಬೆಂಚಿನಲ್ಲಿ ತನ್ನ ಜಾಗದಲ್ಲಿ ಕೂತಾಗಿತ್ತು. ಬೇಜಾರಾದ ಹಾಗೆ ಕಾಣಲಿಲ್ಲ. ದೋಣಿ ದಡಕ್ಕೆ ಹತ್ತಿಸಿ ಗಳ ಕೆಳಗಿಟ್ಟವನ ಹಾಗೆ ಕೂತಿದ್ದ.

ಹಿರಿಯರು ಸೈತಾನನ ತಂತ್ರದ ಮೇಲೆ ಹತ್ತು ನಿಮಿಷ ಮಾತಾಡಿದರು, ಅನುವಾದ ಬೇಡವೆಂದರು. ಆಮೇಲೆ ಮೇಜಿನ ಬಟ್ಟೆ ತೆಗೆದರು, ಹಾಡು ಎತ್ತಿದರು. ನನ್ನ ಕೈಗೆ ತಟ್ಟೆ ಬಂತು.

ಗಂಡಸರ ಸಾಲು ಒಂದೊಂದಾಗಿ ದಾಟಿದೆ. ರಂಜಿತ್ ಕಣ್ಣು ಮುಚ್ಚಿ ತೆಗೆದುಕೊಂಡ. ಬಂದ ಗಂಡಾಂತರ ಹೋಯಿತೆಂದು ಅವನ ಮುಖ ಅರಳಿತ್ತು. ಆ ಮುಖ ನೋಡಿ ನನಗೆ ಹೇಸಿಗೆಯಾಯಿತು. ಎರಡು ಹೆಜ್ಜೆ ಹೋದ ಮೇಲೆ, ನನ್ನ ಮುಖವೂ ಈಗ ಹಾಗೇ ಇದೆ ಎಂದು ಹೊಳೆಯಿತು. ಕಡೆಯ ಬೆಂಚಿನ ಹತ್ತಿರ ಬಂದೆ. ತಟ್ಟೆಯಲ್ಲಿ ಎರಡು ತುಂಡು ಉಳಿದಿತ್ತು, ಒಂದು ನನ್ನದು, ಇನ್ನೊಂದು ಸುಶೀಲ ಹೆಚ್ಚಿಗೆ ಮಾಡಿದ್ದು. ಕೇಳು ಎಂದಿನಂತೆ ತಲೆ ತಗ್ಗಿಸಿದ್ದ. ನಾನು ಕೊಟ್ಟ ಅಂಗಿಯ ಕಾಲರಿನ ಹಿಂದೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

ಆ ಚೀಟಿ ನೋಡುತ್ತಾ ನಾನು ಅವನ ಪಕ್ಕದಲ್ಲಿ ಕೂತೆ. ದೊಡ್ಡ ತೀರ್ಮಾನ ಮಾಡಿ ಕೂತೆ ಎಂದರೆ ಸುಳ್ಳಾಗುತ್ತದೆ. ಅವನನ್ನು ದಾಟಿ ಹೋಗಲಾಗದೆ ಕೂತೆ. ಬೆಂಚು ವಾಲಿತು.

“ನಡುವೆ ಕೂತ್ಕಳಿ ಮಾಷೇ,” ಎಂದ ಕೇಳು, “ಆ ಕಡೆ ಕಾಲಿಲ್ಲ.”

ನಾನು ಸರಿದೆ. ಹಾಡು ನಿಂತಿತು. ತಟ್ಟೆ ಮುಂದಕ್ಕೆ ತನ್ನಿ ಎಂದು ಪಾಸ್ಟರ್ ಎರಡು ಸಲ ಕರೆದರು. ನಾನು ಕೂತಲ್ಲಿಂದಲೇ, ಮೊದಲು ಮಲಯಾಳದಲ್ಲಿ ಆಮೇಲೆ ಕನ್ನಡದಲ್ಲಿ, ನನ್ನ ಸೊಂಟದಲ್ಲಿ ದಾರ ಇದೆ, ಎರಡು ವರ್ಷವಾಯಿತು, ಕಿತ್ತು ಹಾಕಲು ನನಗೆ ಇವತ್ತಿಗೂ ಹೆದರಿಕೆ, ಎಂದೆ. ಕೈಯಲ್ಲಿ ಮೈಕ್ ಇರಲಿಲ್ಲ. ಆದರೂ ಆ ಹಾಲಿನಲ್ಲಿ ಅದು ಎಲ್ಲರಿಗೂ ಕೇಳಿಸಿತು. ಹೆಂಗಸರ ಕಡೆ ಸುಶೀಲ ತಿರುಗಿ ನನ್ನನ್ನು ನೋಡಿದಳು. ರಂಜಿತ್ ನೆಲ ನೋಡಿದ. ತಟ್ಟೆ ತೆಗೆದುಕೊಳ್ಳಲು ಯಾರೂ ಎದ್ದು ಬರಲಿಲ್ಲ. ಬಂದರೆ ಬೆಂಚಿನ ಹತ್ತಿರ ಬರಬೇಕಲ್ಲ.

ತಟ್ಟೆ ನನ್ನ ಕೈಯಲ್ಲೇ ಉಳಿಯಿತು. ದೋಣಿ ಹತ್ತುವವರ ಕೈಚೀಲ ತೆಗೆದುಕೊಳ್ಳುವ ಹಾಗೆ ಕೇಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡ. ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದ.

“ಇದನ್ನ ಯಾರ್ಗೆ ಕೊಡ್ಲಿ ಮಾಷೇ?” ಎಂದ.

“ನನಗೆ ಕೊಡು” ಎಂದೆ.

ಅವನು ಹೆದರುತ್ತಾ ಒಂದು ತುಂಡು ಎತ್ತಿ ನನ್ನ ಅಂಗೈ ಮೇಲಿಟ್ಟ. ನಾನು ಉಳಿದದ್ದನ್ನು ಎತ್ತಿ ಅವನ ಕೈಗಿಟ್ಟೆ. ಹನ್ನೊಂದನೆಯ ನಿಯಮ ಗೋಡೆಯಲ್ಲಿ ನಮ್ಮ ಎದುರಿಗೇ ಇತ್ತು, ನನ್ನದೇ ಅಕ್ಷರದಲ್ಲಿ. ರೊಟ್ಟಿಯನ್ನು ಬಾಯಿಯ ಹತ್ತಿರ ತಂದಾಗ ಅವನ ಬೆರಳಿನ ಬೀಡಿಯ ವಾಸನೆ, ಹೊಳೆನೀರಿನ ವಾಸನೆ ಬಂತು. ತಿಂದೆ.